ನಾದದ ವ್ಯಾಕರಣ ಎಲ್ಲ ಮಕ್ಕಳದೂ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಮಕ್ಕಳು ನಾದದ ವಿಚಾರವನ್ನು ಮೂರು ಕಡೆ ಕಲಿಯುತ್ತಾರೆ. ವಿಜ್ಞಾನದ ಅವಧಿಯಲ್ಲಿ ಶಬ್ದವೆಂದರೆ ಕಂಪನ, ಕಂಪನವನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು ಬರೆದುಕೊಳ್ಳುತ್ತಾರೆ. ಕನ್ನಡದ ಅವಧಿಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಪ್ರಸ್ತಾರ ಹಾಕಿ ಷಟ್ಪದಿಯ ಗಣ ವಿಂಗಡಿಸುತ್ತಾರೆ. ಇನ್ನು ಊರ ಗುಡಿಯ ಭಜನಿ ಮೇಳದಲ್ಲಿ ಹಾರ್ಮೋನಿಯಂ ಪೇಟಿಯವರು ‘ಕರಿ ಒಂದರ ಪಟ್ಟಿ’ ಎಂದು ಸಾ ಹಿಡಿಯುವುದನ್ನೂ ತಬಲಾದವರು ಠೇಕಾ ಕೊಡುವುದನ್ನೂ ಕೇಳಿ ಬೆಳೆಯುತ್ತಾರೆ. ಮೂರು ಕಡೆಯೂ ನಡೆಯುವುದು ಒಂದೇ ವಿದ್ಯೆಯ ಪಾಠ. ಆದರೆ ವಿಜ್ಞಾನದ ಪುಸ್ತಕದ ಕಂಪನವೇ ಪೇಟಿಯ ಪಟ್ಟಿ ಎಂದಾಗಲಿ, ಛಂದಸ್ಸಿನ ಮಾತ್ರೆಯೇ ತಬಲಾದ ಮಾತ್ರೆ ಎಂದಾಗಲಿ ಆ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಕಂಪನ ಅಂಕದ ಪ್ರಶ್ನೆಯಾಗಿ, ಪ್ರಸ್ತಾರ ಗೆರೆ ಹಾಕುವ ಲೆಕ್ಕವಾಗಿ, ಭಜನಿ ವಿದ್ಯೆಯೇ ಅಲ್ಲದ ಹವ್ಯಾಸವಾಗಿ ಉಳಿಯುತ್ತವೆ. ಇದು ಸಣ್ಣ ನಷ್ಟವಲ್ಲ. ಶ್ರುತಿ, ಸ್ವರ, ಸ್ಥಾಯಿ, ಲಯ, ತಾಳ ಎಂಬ ಮೂಲ ಪರಿಕಲ್ಪನೆಗಳು ಸಂಗೀತದ ಪರೀಕ್ಷೆಗೆ ಕೂರುವ ಕೆಲವರ ಸೊತ್ತಾಗಿ ಇರಬಾರದು. ಓದು ಬರಹ ಲೆಕ್ಕದ ಹಾಗೆ ಅವು ಎಲ್ಲ ಮಕ್ಕಳಿಗೂ ಸಲ್ಲಬೇಕು, ಮತ್ತು ಅವನ್ನು ಮಕ್ಕಳ ಕಿವಿಯಲ್ಲಿ ಈಗಾಗಲೇ ಇರುವ ಊರಿನ ನಾದದಿಂದಲೇ ಕಲಿಸಬೇಕು ಎಂಬುದು ನನ್ನ ವಾದ.

ಮೊದಲು ಈ ಪರಿಕಲ್ಪನೆಗಳು ಎಷ್ಟು ಸರಳ ಎಂಬುದನ್ನು ನೋಡೋಣ. ಯಾವುದೇ ನಾದದಲ್ಲಿ ಕಿವಿ ಮೂರು ಗುಣಗಳನ್ನು ಗುರುತಿಸುತ್ತದೆ. ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಸ್ವರದ ಎತ್ತರವನ್ನು ನಿರ್ಧರಿಸುತ್ತದೆ. ಕಂಪನ ಎಷ್ಟು ದೊಡ್ಡದು ಎಂಬುದು ದನಿಯ ಜೋರನ್ನು. ಮೂಲ ಕಂಪನದ ಜೊತೆಗೆ ಯಾವ ಯಾವ ಉಪಸ್ವರಗಳು ಎಷ್ಟೆಷ್ಟು ಬೆರೆತಿವೆ ಎಂಬುದು ನಾದದ ಬಣ್ಣವನ್ನು. ಒಂದೇ ಪಟ್ಟಿಯಲ್ಲಿ ನುಡಿದರೂ ಶಹನಾಯಿಯನ್ನೂ ಪೇಟಿಯನ್ನೂ ಬೇರೆ ಮಾಡಿ ಗುರುತಿಸುವುದು ಈ ಮೂರನೆಯ ಗುಣದಿಂದ. ಮೊದಲ ಎರಡನ್ನು ಬೆರೆಸಿಕೊಳ್ಳುವ ತಪ್ಪು ನಮ್ಮಲ್ಲಿ ಸಾಮಾನ್ಯ. ‘ಏರಿಸಿ ಹಾಡು’ ಎಂದರೆ ಸ್ವರ ಏರಿಸಬೇಕೋ ದನಿ ಜೋರು ಮಾಡಬೇಕೋ ಮಗುವಿಗೆ ತಿಳಿಯುವುದಿಲ್ಲ. ಎರಡನ್ನೂ ಮಾಡಲು ಹೋಗಿ ಕಂಠ ಬಿಗಿಯುತ್ತದೆ. ಇನ್ನು ಸಾ ಎಂಬುದು ಯಾವುದೋ ಒಂದು ನಿಗದಿತ ಕಂಪನದ ಹೆಸರಲ್ಲ. ಹಾಡುವವರು ತಮ್ಮ ಕಂಠಕ್ಕೆ ಒಗ್ಗುವ ಕಡೆ ಸಾ ಇಟ್ಟುಕೊಳ್ಳುತ್ತಾರೆ, ಉಳಿದ ಸ್ವರಗಳು ಅದಕ್ಕೆ ಸಂಬಂಧಿಸಿ ನಿಲ್ಲುತ್ತವೆ. ಇದೇ ಹಾವೇರಿ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಗಿ ಕೆಳಗಿಳಿಯಿತು. ಹೆಣ್ಣುದನಿ ಎಂದರೆ ಹೀಗಿರಬೇಕು ಎಂಬ ರೂಢಿಗೆ ಅವರು ಕಂಠವನ್ನು ಬಗ್ಗಿಸಲಿಲ್ಲ. ಆ ದನಿಗೆ ಒಪ್ಪುವ ಸಾ ಹಿಡಿದು ಕಿರಾಣಾ ಘರಾಣೆಯ ಮೇರು ಗಾಯಕಿಯಾದರು. ಶಾಲೆಯ ಪ್ರಾರ್ಥನೆಯಲ್ಲಿ ಮೇಷ್ಟ್ರ ಪಟ್ಟಿಗೆ ನೂರು ಮಕ್ಕಳು ಗಂಟಲು ಹರಿದುಕೊಳ್ಳುವ ಬದಲು ಮಕ್ಕಳ ಪಟ್ಟಿಗೆ ಮೇಷ್ಟ್ರು ಬರಬೇಕು ಎಂಬ ತಿಳಿವಳಿಕೆ ಈ ಒಂದು ಪರಿಕಲ್ಪನೆಯಿಂದ ಹುಟ್ಟುತ್ತದೆ.

ಸ್ವರಗಳ ನಡುವಿನ ಸಂಬಂಧ ಇನ್ನೂ ಸೊಗಸಾದ ವಿಷಯ, ಏಕೆಂದರೆ ಅಲ್ಲಿ ಲೆಕ್ಕ ಕಿವಿಗೆ ಕೇಳಿಸುತ್ತದೆ. ಸಾ 240 ಕಂಪನದಲ್ಲಿದ್ದರೆ ಮೇಲಿನ ಸಾ ಅದರ ಎರಡರಷ್ಟು, 480. ಪಂಚಮ ಒಂದೂವರೆಯಷ್ಟು, 360. ತಂಬೂರಿಯ ನಾದದೊಳಗಿಂದ ಕೇಳಿಬರುವ ಶುದ್ಧ ಗಾಂಧಾರ ಒಂದೂಕಾಲು ಪಾಲು, ಅಂದರೆ 300. ಆದರೆ ಪೇಟಿಯ ಮನೆಗಳು ಹೀಗೆ ಸರಳ ಭಿನ್ನರಾಶಿಗಳಲ್ಲಿ ಕೂತಿಲ್ಲ. ಯಾವ ಪಟ್ಟಿಯಿಂದ ಬೇಕಾದರೂ ಹಾಡಲು ಅನುಕೂಲವಾಗಲಿ ಎಂದು ಒಂದು ಸ್ಥಾಯಿಯನ್ನು ಹನ್ನೆರಡು ಸಮ ಮೆಟ್ಟಿಲುಗಳಾಗಿ ಹಂಚಿರುತ್ತಾರೆ. ಆ ಹಂಚಿಕೆಯಲ್ಲಿ ಪಂಚಮ 359.6ಕ್ಕೆ ಬೀಳುತ್ತದೆ, ವ್ಯತ್ಯಾಸ ಕಿವಿಗೆ ತಾಗುವುದು ಕಷ್ಟ. ಗಾಂಧಾರ ಮಾತ್ರ 302.4ಕ್ಕೆ ಏರುತ್ತದೆ. ಶುದ್ಧ ಗಾಂಧಾರವನ್ನೂ ಪೇಟಿಯ ಗಾಂಧಾರವನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ನಾದ ಉಬ್ಬಿ ಇಳಿಯುವುದನ್ನು ಯಾವ ಮಗು ಬೇಕಾದರೂ ಎಣಿಸಬಹುದು. ಈ ಅಂತರವೇ ದೊಡ್ಡ ಜಗಳಕ್ಕೆ ಕಾರಣವಾಗಿತ್ತು. ನಮ್ಮ ಸಂಗೀತಕ್ಕೆ ಪೇಟಿ ಒಗ್ಗದು ಎಂದು 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. 1971ರವರೆಗೆ ಆ ಬಿಗಿ ಸಡಿಲವಾಗಲಿಲ್ಲ. ಆ ಮೂರು ದಶಕಗಳಲ್ಲೂ ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ, ಭಜನಿ ಮೇಳಗಳಲ್ಲಿ ಪೇಟಿ ನುಡಿಯುತ್ತಲೇ ಇತ್ತು. ಬೆಳಗಾವಿಯ ರಾಮ ಬಿಜಾಪುರೆಯವರಂಥವರು ಅದೇ ವಾದ್ಯದಲ್ಲಿ ರಾಗವನ್ನು ಅರಳಿಸಿದರು. ಬಹಿಷ್ಕಾರದಿಂದ ಆಗದ ಕೆಲಸ ತಿಳಿವಳಿಕೆಯಿಂದ ಆಗುತ್ತದೆ. ಪೇಟಿಯ ಗಾಂಧಾರ ಎಷ್ಟು ಏರಿದೆ ಎಂದು ಗೊತ್ತಿರುವ ಹಾಡುಗಾರ ಆ ಸ್ವರದಲ್ಲಿ ನಿಲ್ಲುವಾಗ ಪೇಟಿಯನ್ನು ನೆಚ್ಚದೆ ತಂಬೂರಿಯನ್ನು ನೆಚ್ಚುತ್ತಾನೆ. ಗೊತ್ತಿರುವ ಪೇಟಿಯವನು ಅಲ್ಲಿ ಕೈ ಹಗುರ ಮಾಡುತ್ತಾನೆ.

ಲಯದ ವಿಷಯದಲ್ಲಂತೂ ನಾವು ಕೈಯಲ್ಲಿರುವ ಬುತ್ತಿಯನ್ನು ಬಿಚ್ಚದೆ ಹಸಿದಿದ್ದೇವೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ಹರಿಭಕ್ತಿಸಾರ’, ‘ನಳಚರಿತ್ರೆ’ಗಳು ಭಾಮಿನಿ ಷಟ್ಪದಿಯಲ್ಲಿವೆ, ಗದುಗಿನ ಭಾರತವೂ ಅದರಲ್ಲೇ ಇದೆ. ಭಾಮಿನಿಯ ನಡೆ ಮೂರು, ನಾಲ್ಕು, ಮೂರು, ನಾಲ್ಕು. ಒಂದೊಂದು ಆವರ್ತಕ್ಕೆ ಏಳು ಮಾತ್ರೆ. ಕರ್ನಾಟಕ ಸಂಗೀತದ ಮಿಶ್ರಛಾಪು ಇದೇ ಮೂರು ಮತ್ತು ನಾಲ್ಕರ ಜೋಡಿ. ಹಿಂದೂಸ್ತಾನಿಯ ರೂಪಕದಲ್ಲಿ ಅದೇ ಏಳು ಮೂರು, ಎರಡು, ಎರಡಾಗಿ ಒಡೆಯುತ್ತದೆ. ಹತ್ತನೆಯ ತರಗತಿಯ ಮಕ್ಕಳು ಪದ್ಯದ ಮೇಲೆ ಲಘು ಗುರುಗಳ ಗುರುತು ಹಾಕಿ, ಮೂರು ನಾಲ್ಕರ ಗಣ ಮಾಡಿ, ಪೂರ್ತಿ ಅಂಕ ಪಡೆಯುತ್ತಾರೆ. ಒಂದು ಸಲವೂ ಕೈತಟ್ಟಿ ಆ ಏಳನ್ನು ಮೈಗೆ ತಂದುಕೊಳ್ಳುವುದಿಲ್ಲ. ಭಜನಿಯಲ್ಲಿ ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರವಾ ಕೇಳಿಸಿದಾಗ ಅದು ತಾವು ಬಲ್ಲ ಮಾತ್ರೆಯ ಲೆಕ್ಕವೇ ಎಂದು ಹೊಳೆಯುವುದೂ ಇಲ್ಲ. ಲಯ ಮತ್ತು ತಾಳದ ವ್ಯತ್ಯಾಸವೂ ಇಲ್ಲೇ ಸಲೀಸಾಗಿ ತಿಳಿಯುತ್ತದೆ: ಮಾತ್ರೆಯಿಂದ ಮಾತ್ರೆಗೆ ಇರುವ ಸಮ ಅಂತರದ ಓಟ ಲಯ, ಆ ಓಟವನ್ನು ಸುತ್ತಿ ಸುತ್ತಿ ಒಂದು ಜಾಗಕ್ಕೆ, ಸಮ್‌ಗೆ, ತಂದು ಕೂಡಿಸುವ ಕಟ್ಟು ತಾಳ. ಛಂದಸ್ಸಿನ ಪಾಠಕ್ಕೆ ಕೈತಾಳ ಸೇರಿದರೆ ಆ ದಿನವೇ ಮಕ್ಕಳಿಗೆ ತಾಳದ ಮೊದಲ ಪಾಠ ಆಗಿಹೋಗುತ್ತದೆ, ಷಟ್ಪದಿಯೂ ಅರ್ಥವಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ದೊಡ್ಡ ಹಾಡುಗಾರರು ಈ ಲೆಕ್ಕಗಳನ್ನೆಲ್ಲ ಕಲಿತು ದೊಡ್ಡವರಾದರೇ? ಅವರು ಗುರುವಿನ ಎದುರು ಕೂತು ಕಿವಿಯಿಂದ ಕಲಿತರು. ಶಾಸ್ತ್ರ ಬಲ್ಲವನಿಗೆ ಹಾಡು ಬರಬೇಕೆಂದಿಲ್ಲ, ಹಾಡು ಬಲ್ಲವನಿಗೆ ಶಾಸ್ತ್ರ ಬೇಕಿಲ್ಲ ಎನ್ನುತ್ತಾರೆ. ಈ ಮಾತಿನ ಮೊದಲ ಅರ್ಧ ನಿಜ, ಎರಡನೆಯ ಅರ್ಧಕ್ಕೆ ಈ ಜಿಲ್ಲೆಯ ಚರಿತ್ರೆಯೇ ಉತ್ತರ ಕೊಡುತ್ತದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಅವರು ಮೈಸೂರಿಗೆ ಹೋಗಿ ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿಯನ್ನೂ ಕಲಿತರು. ಅದೇ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದರು. ಎರಡೂ ಪದ್ಧತಿಗಳಲ್ಲಿ ಹಾಡಿದರು, ಹಲವು ವಾದ್ಯಗಳನ್ನು ನುಡಿಸಿದರು. ಕಣ್ಣಿಲ್ಲದವರಿಗೆ ಕಾಗದದ ಶಾಸ್ತ್ರ ದಕ್ಕುವುದು ಕಷ್ಟವಾಗಿದ್ದ ಕಾಲ ಅದು. ಆದರೂ ಎರಡು ಬೇರೆ ಬೇರೆ ರಾಗವ್ಯವಸ್ಥೆಗಳನ್ನು, ಎರಡು ತಾಳಪದ್ಧತಿಗಳನ್ನು ಒಂದೇ ತಲೆಯಲ್ಲಿ ಕಲಸಿಹೋಗದಂತೆ ಇಟ್ಟುಕೊಂಡು ನೂರಾರು ಮಕ್ಕಳಿಗೆ ದಾಟಿಸಬೇಕಾದರೆ ಸ್ವರಸ್ಥಾನ, ಮೇಳ, ಥಾಟು, ಮಾತ್ರೆ ಎಂಬ ಖಚಿತ ಹೆಸರುಗಳಿಲ್ಲದೆ ಆಗದು. ಅವರಲ್ಲಿ ಶಾಸ್ತ್ರ ಕಿವಿಯಲ್ಲೂ ನಾಲಿಗೆಯಲ್ಲೂ ಇತ್ತು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರಂಥ ಭಾವಜೀವಿ ಗಾಯಕರೂ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಶ್ರುತಿಗಳನ್ನು ಅಳೆಯಲು ಹೊರಟಾಗ ಹಾಡಿ ತೋರಿಸಿ ನೆರವಾದರು. ಇಪ್ಪತ್ತೆರಡು ಶ್ರುತಿಗಳ ಮೇಲಿನ ದೇವಲ್ ಅವರ ಪುಸ್ತಕ 1910ರಲ್ಲಿ ಹೊರಬಂತು. ಆ ಅಳತೆಗಳನ್ನು ಎಲ್ಲರೂ ಒಪ್ಪಲಿಲ್ಲ, ನಿಜ. ಆದರೆ ತನ್ನ ಕಂಠ ಏನು ಮಾಡುತ್ತಿದೆ ಎಂದು ತಿಳಿಯುವ ಕುತೂಹಲ ದೊಡ್ಡ ಹಾಡುಗಾರಿಕೆಗೆ ಹೊರಗಿನದಲ್ಲ ಎಂಬುದಕ್ಕೆ ಅದು ಸಾಕ್ಷಿ. ಅಲ್ಲದೆ ನನ್ನ ವಾದ ಹಾಡುಗಾರರ ಪರವಾಗಿ ಮಾತ್ರ ಇಲ್ಲ. ಅಸಾಧಾರಣ ಕಿವಿ ಇರುವವರು ಹೇಗಾದರೂ ಕಲಿಯುತ್ತಾರೆ. ಹೆಸರುಗಳು ಹೆಚ್ಚು ಬೇಕಾಗಿರುವುದು ಸಾಧಾರಣ ಕಿವಿಯ ನಮ್ಮೆಲ್ಲರಿಗೆ.

ಎರಡನೆಯ ಆಕ್ಷೇಪ ಜಾನಪದದ ಕಡೆಯವರದು, ಮತ್ತು ಅದರ ಹಿಂದೆ ನ್ಯಾಯವಾದ ನೋವಿದೆ. ಶಾಸ್ತ್ರೀಯ ಸಂಗೀತದ ಮಾತುಗಳನ್ನು ಹಳ್ಳಿಗೆ ತಂದರೆ ಹಳ್ಳಿಯ ಹಾಡು ಆ ಅಳತೆಯಲ್ಲಿ ಸೋಲುತ್ತದೆ. ಲಾವಣಿಯವರಿಗೆ ಶ್ರುತಿ ಸಾಲದು, ಡೊಳ್ಳಿನವರಿಗೆ ಸ್ವರ ತಿಳಿಯದು ಎಂದು ಮೇಲಿನವರು ಹೇಳಲು ಇನ್ನೊಂದು ಕೋಲು ಸಿಗುತ್ತದೆ ಎಂಬ ಭಯ. ಇಲ್ಲಿ ನಾವು ಎರಡನ್ನು ಬೇರೆ ಮಾಡಬೇಕು. ಯಾವ ರಾಗ ಯಾವ ಹೊತ್ತಿಗೆ, ಯಾವ ಬಾನಿ ಶುದ್ಧ ಎಂಬುವು ಒಂದು ಪರಂಪರೆಯ ಕಟ್ಟಳೆಗಳು; ಅವನ್ನು ಬೇರೆ ಪರಂಪರೆಯ ಮೇಲೆ ಹೇರುವುದು ತಪ್ಪು. ಕಂಪನ, ಉಪಸ್ವರ, ಮಾತ್ರೆ, ಆವರ್ತ ಎಂಬುವು ನಾದದ ಸಂಗತಿಗಳು. ಅವಕ್ಕೆ ಮೇಲು ಕೀಳು ಗೊತ್ತಿಲ್ಲ. ಹಾಲುಮತದವರ ಡೊಳ್ಳನ್ನೇ ತೆಗೆದುಕೊಳ್ಳಿ. ಎಲ್ಲ ಕಡೆ ಒಂದೇ ಸಮನಾಗಿ ಬಿಗಿದ ಚರ್ಮವನ್ನು ಬಡಿದರೆ ಅದರ ಉಪಸ್ವರಗಳು ಮೂಲದ 1.59, 2.14, 2.30 ಪಟ್ಟಿನಲ್ಲಿ ಚದುರುತ್ತವೆ; ಎರಡು, ಮೂರು, ನಾಲ್ಕು ಎಂಬ ಪೂರ್ಣ ಪಟ್ಟಿನಲ್ಲಿ ಸಾಲುಗಟ್ಟುವುದಿಲ್ಲ. ಅದಕ್ಕಾಗಿಯೇ ಅಂಥ ನಾದದಲ್ಲಿ ಇದು ಸಾ, ಇದು ಪಾ ಎಂದು ಕಿವಿಗೆ ನಿಲ್ಲುವುದಿಲ್ಲ. ತಬಲಾ, ಮೃದಂಗಗಳ ಚರ್ಮದ ನಡುಭಾಗಕ್ಕೆ ಹಚ್ಚುವ ಕಪ್ಪು ಕರಣೆ ಈ ಉಪಸ್ವರಗಳನ್ನು ಪೂರ್ಣ ಪಟ್ಟಿಗೆ ಎಳೆದು ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದನ್ನು ವಿಸ್ತರಿಸಿ ಪ್ರಕಟಿಸಿದರು. ಈ ತಿಳಿವಳಿಕೆ ಡೊಳ್ಳನ್ನು ಕೀಳು ಮಾಡುವುದಿಲ್ಲ. ತಬಲಾ ಹಾಡಿನ ಪಟ್ಟಿಗೆ ಕೂಡಿಕೊಂಡು ಬೈಠಕ್ಕಿನಲ್ಲಿ ನುಡಿಯಲು ಹುಟ್ಟಿದ್ದು. ಡೊಳ್ಳು ಬಯಲಿನಲ್ಲಿ, ಮೈಯೇ ಕುಣಿಯುವಾಗ, ಹತ್ತಾರು ಜನರ ಹೆಜ್ಜೆಯನ್ನು ಒಂದು ಲಯಕ್ಕೆ ಕಟ್ಟಲು ಹುಟ್ಟಿದ್ದು. ಆ ಕೆಲಸಕ್ಕೆ ನಿಖರವಾದ ಸ್ವರಕ್ಕಿಂತ ಎದೆಗೆ ಬಡಿಯುವ ಗುಡುಗು ಬೇಕು. ಗೀಗೀ ಮೇಳದ ತುಂತುಣಿ ಒಂದೇ ತಂತಿಯಲ್ಲಿ ಸಾ ಹಿಡಿದು ನಿಲ್ಲುತ್ತದೆ, ಹಿಮ್ಮೇಳದವರು ಗೀಯ ಎಂದು ಸೂರು ಎಳೆಯುತ್ತಾರೆ. ತಂಬೂರಿ ಕಛೇರಿಯಲ್ಲಿ ಮಾಡುವ ಕೆಲಸವೂ ಇದೇ. ಹೀಗೆ ವಿವರಿಸಿದಾಗ ಊರಿನ ಕಲಾವಿದ ತನ್ನ ವಿದ್ಯೆಗೆ ಹೆಸರು ಪಡೆಯುತ್ತಾನೆ. ಮೇಲಿನವರ ಕೈಯಲ್ಲಿ ಈ ಮಾತುಗಳು ಕೋಲಾಗುವುದು ಅವು ಎಲ್ಲರಿಗೂ ಗೊತ್ತಿಲ್ಲದಿರುವವರೆಗೆ ಮಾತ್ರ.

ಮೂರನೆಯದು ರಸಿಕರ ಅಳುಕು: ಲೆಕ್ಕ ಬಂದರೆ ರಸ ಹೋಗುತ್ತದೆ. ಹಾಡು ಕೇಳುತ್ತ ಮಾತ್ರೆ ಎಣಿಸುವವನಿಗೆ ಹಾಡು ದಕ್ಕೀತೇ? ಕಲಿಯುವ ಮೊದಲ ಕೆಲವು ದಿನ ದಕ್ಕಲಿಕ್ಕಿಲ್ಲ. ಅಕ್ಷರ ಕಲಿಯುವ ಮಗುವಿಗೂ ಮೊದಲು ಕಾಣುವುದು ಅಕ್ಷರವೇ. ಆಮೇಲೆ ಅಕ್ಷರ ಮರೆಯಾಗಿ ಕಥೆ ಉಳಿಯುತ್ತದೆ. ಮೇಲಾಗಿ ಶಾಸ್ತ್ರವನ್ನು ರಸದ ಶತ್ರುವೆಂದು ಕನ್ನಡದ ಮನಸ್ಸು ಹಿಂದೆ ಎಂದೂ ಎಣಿಸಿರಲಿಲ್ಲ. ನಿಜಗುಣ ಶಿವಯೋಗಿಗಳು ತತ್ವಪದಗಳನ್ನು ಹಾಡಿದವರು. ಅವರ ಪದಗಳು ಇಂದಿಗೂ ಭಜನಿಯಲ್ಲಿವೆ. ಅವರೇ ‘ವಿವೇಕ ಚಿಂತಾಮಣಿ’ ಎಂಬ ಗದ್ಯಕೋಶ ಬರೆದರು. ಹಲವು ವಿದ್ಯೆಗಳನ್ನು ಕನ್ನಡದಲ್ಲಿ ಕೂಡಿಸಿಟ್ಟ ಆ ಗ್ರಂಥದಲ್ಲಿ ಸಂಗೀತಕ್ಕೂ ಜಾಗ ಕೊಟ್ಟರು. ಸಂಸ್ಕೃತ ಬಾರದ ಸಾಮಾನ್ಯ ಓದುಗನಿಗೂ ಸಂಗೀತದ ಮೂಲಮಾತುಗಳು ತಿಳಿದಿರಬೇಕು ಎಂಬ ಕಾಳಜಿ ಅಲ್ಲಿ ಕಾಣುತ್ತದೆ. ನಮ್ಮ ಕಾಲದಲ್ಲಿ ರಸ ಕೆಡುತ್ತಿರುವುದು ಬೇರೆ ಕಾರಣಕ್ಕೆ. ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕೂರುವ ಮಕ್ಕಳು ನಾದ ಎಂದರೇನು, ಶ್ರುತಿ ಎಂದರೇನು ಎಂಬ ವ್ಯಾಖ್ಯೆಗಳನ್ನು ಉರುಹೊಡೆದು ಬರೆಯುತ್ತಾರೆ. ಒಂದನ್ನೂ ಕಿವಿಯಿಂದ ಪರೀಕ್ಷಿಸಿ ನೋಡುವುದಿಲ್ಲ. ಹೀಗೆ ಕಲಿಸಿದ ಶಾಸ್ತ್ರ ಒಣಗಿದ್ದು ಎಂಬ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಪರಿಹಾರ ಮೊದಲು ಕೇಳಿಸಿ, ಆಮೇಲೆ ಹೆಸರು ಹೇಳುವುದು.

ಕೊನೆಯ ಆಕ್ಷೇಪ ವ್ಯವಹಾರದ್ದು. ಸರ್ಕಾರಿ ಶಾಲೆಯಲ್ಲಿ ಗಣಿತಕ್ಕೇ ಮೇಷ್ಟ್ರಿಲ್ಲದಿರುವಾಗ ಸಂಗೀತಕ್ಕೆ ಎಲ್ಲಿಂದ ತರುವುದು? ಹೊಸ ವಿಷಯ, ಹೊಸ ಹುದ್ದೆ, ಹೊಸ ಪರೀಕ್ಷೆ ಎಂದು ಹೊರಟರೆ ಈ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಬೇಕಾಗಿರುವುದು ಈಗಿರುವ ಎರಡು ಪಾಠಗಳನ್ನು ಊರಿನ ನಾದಕ್ಕೆ ಜೋಡಿಸುವುದಷ್ಟೇ. ಶಬ್ದದ ಅಧ್ಯಾಯ ಬಂದ ವಾರ ಭಜನಿ ಮೇಳದ ಪೇಟಿಯೂ ಏಕತಾರಿಯೂ ತರಗತಿಗೆ ಬರಲಿ. ಏಕತಾರಿಯ ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿದರೆ ಮೇಲಿನ ಸಾ ಕೇಳುತ್ತದೆ, ಮೂರನೇ ಎರಡು ಭಾಗ ಬಿಟ್ಟು ಮೀಟಿದರೆ ಪಂಚಮ. ಒಂದು ಅಳತೆಪಟ್ಟಿಯಿಂದ ಮಕ್ಕಳೇ ಕಂಡುಕೊಳ್ಳಬಹುದಾದ ಸತ್ಯ ಇದು. ಷಟ್ಪದಿ ಬಂದ ವಾರ ಡಗ್ಗಾ ಬಾರಿಸುವವರು ಬಂದು ಏಳರ ನಡೆಯನ್ನು ಕೇಳಿಸಲಿ, ಮಕ್ಕಳು ಕೈತಟ್ಟಿ ಓದಲಿ. ಬರುವ ಕಲಾವಿದರಿಗೆ ಗೌರವಧನವನ್ನು ಶಾಲೆ ಕೊಡಲೇಬೇಕು. ವಿದ್ಯೆ ಕೊಟ್ಟವರನ್ನು ಬರಿಗೈಯಲ್ಲಿ ಕಳಿಸುವುದು ಸಲ್ಲದು. ಇಂಥ ಕೆಲಸಕ್ಕೆ ಬೇಕಾದ ವಿಚಾರದ ಬೇರು ಈ ನೆಲದಲ್ಲೇ ಇದೆ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರಾದ ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲ ನಡೆಯುತ್ತಿದೆ. ಕೈಕೆಲಸ ಮತ್ತು ಓದು ಕೂಡಿರಬೇಕು ಎಂಬ ಗಾಂಧೀ ಶಿಕ್ಷಣದ ದಾರಿ ಅದರದು. ಆ ದಾರಿಯ ಮೊದಲ ರೂಪುರೇಷೆ, 1937ರ ವಾರ್ಧಾ ಸಮ್ಮೇಳನದ ನಂತರ ಜಾಕಿರ್ ಹುಸೇನ್ ಸಮಿತಿ ಸಿದ್ಧಪಡಿಸಿದ ಮೂಲಶಿಕ್ಷಣದ ಪಠ್ಯಕ್ರಮ, ನೂಲುವುದರ ಜೊತೆಗೆ, ಮಾತೃಭಾಷೆ ಗಣಿತಗಳ ಜೊತೆಗೆ ಸಂಗೀತವನ್ನೂ ಎಲ್ಲ ಮಕ್ಕಳ ವಿಷಯವಾಗಿ ಸೇರಿಸಿತ್ತು. ಹಳ್ಳಿಯ ಬಡ ಮಗುವಿಗೆ ಸಂಗೀತ ಅಲಂಕಾರವೆಂದು ಆ ಹಿರಿಯರು ಬಗೆಯಲಿಲ್ಲ. ಹೊಸರಿತ್ತಿಯಂಥ ಶಾಲೆಯಲ್ಲಿ ಈ ಪ್ರಯೋಗ ಮೊದಲಾದರೆ ಅದು ಹೊಸ ಹುಚ್ಚು ಅನಿಸದೆ ಹಳೆಯ ಮಾತನ್ನು ನಡೆಸಿಕೊಟ್ಟಂತೆ ಆಗುತ್ತದೆ. ಇದೇ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯವಿದೆ. ಸೂರು, ಪಟ್ಟಿ, ಠೇಕಾ, ಏರು, ಇಳುವು ಎಂದು ಕಲಾವಿದರು ಬಳಸುವ ಮಾತುಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ಕೇಳಿಸುವ ಉದಾಹರಣೆ ಕೂಡಿಸಿ, ಶಾಲೆಗಳಿಗೆ ಒಂದು ಕೈಪಿಡಿ ಮಾಡಿಕೊಡುವುದಕ್ಕೆ ಅದಕ್ಕಿಂತ ತಕ್ಕ ಸಂಸ್ಥೆ ಇನ್ನೊಂದಿಲ್ಲ.

ಹೀಗೆ ಕಲಿತ ಮಕ್ಕಳೆಲ್ಲ ಹಾಡುಗಾರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬೆಳೆದು ಅವರು ರೈತರಾಗುತ್ತಾರೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರ ಮಾಡುತ್ತಾರೆ, ರಾಣೆಬೆನ್ನೂರಿನ ಬೀಜದ ಕಂಪನಿಗಳಲ್ಲಿ ದುಡಿಯುತ್ತಾರೆ. ಜೊತೆಗೆ ಅವರೇ ನಾಳೆಯ ಜಾತ್ರಾ ಕಮಿಟಿಯವರು, ಧ್ವನಿವರ್ಧಕ ಬಾಡಿಗೆಗೆ ತರುವವರು, ಶಾಲೆಯ ಉಸ್ತುವಾರಿ ಸಮಿತಿಯವರು, ಕೇಳುಗರು. ಇಂದು ಜಾತ್ರೆಯ ಧ್ವನಿವರ್ಧಕಗಳು ಪೈಪೋಟಿಗೆ ಬಿದ್ದು ಕೂಗುವುದಕ್ಕೆ ಒಂದು ಕಾರಣ, ನಾದವನ್ನು ಅಳೆಯಲು ನಮಗೆ ಗೊತ್ತಿರುವುದು ಜೋರು ಎಂಬ ಒಂದೇ ಗುಣ. ಶ್ರುತಿ ಕೂಡಿದೆಯೇ, ಲಯ ನಿಂತಿದೆಯೇ, ನಾದದ ಬಣ್ಣ ಒಡೆದಿದೆಯೇ ಎಂದು ಕೇಳಲು ಮಾತು ಕಲಿತವರು ಜೋರಿಗೆ ಮಾರುಹೋಗುವುದಿಲ್ಲ. ಅಂಥ ಕೇಳುಗರು ಊರಿನಲ್ಲಿ ಹತ್ತು ಜನ ಇದ್ದರೆ ಭಜನಿ ಮೇಳ ಶ್ರದ್ಧೆಯಿಂದ ಹಾಡುತ್ತದೆ, ಡೊಳ್ಳಿನವರಿಗೆ ತಕ್ಕ ಬೆಲೆ ಸಿಗುತ್ತದೆ, ಒಳ್ಳೆಯ ಕಂಠದ ಮಗು ಬೇಗ ಕಣ್ಣಿಗೆ ಬೀಳುತ್ತದೆ. ಪಂಚಾಕ್ಷರಿ, ಪುಟ್ಟರಾಜರ ಕಂಠಗಳನ್ನು ಎಳವೆಯಲ್ಲೇ ಗುರುತಿಸಿ ಆಸರೆ ಕೊಟ್ಟವರು ಇದ್ದರೆಂದೇ ಅವರು ನಮಗೆ ದಕ್ಕಿದರು. ಗುರುತಿಸುವ ಆ ಶಕ್ತಿಯನ್ನು ಅದೃಷ್ಟದ ಕೈಗೆ ಬಿಡದೆ ಊರೂರಿಗೂ ಕಲಿಸಲು ಸಾಧ್ಯವಿದೆ. ಅದಕ್ಕೆ ಬೇಕಾದ ಪಾಠ, ವಾದ್ಯ, ಕಲಾವಿದರು ಎಲ್ಲವೂ ನಮ್ಮಲ್ಲೇ ಇರುವಾಗ ಅವನ್ನು ಒಂದೇ ಕೋಣೆಯಲ್ಲಿ ಕೂಡಿಸದಿರುವುದಕ್ಕೆ ಯಾವ ನೆವವೂ ಉಳಿದಿಲ್ಲ.